ಬಾಗಿಲ ತನಕದ ದಾರಿ

ಚಿಕ್ಕಮ್ಮ ಮೂವತ್ತಾರು ವರ್ಷ ಒಂದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಅದರಲ್ಲಿ ಹದಿನಾರು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ. ಅಮ್ಮನ ಬೆನ್ನಿಗೆ ಹುಟ್ಟಿದವಳು, ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ಅವಳ ಬಾಯಿಗೆ ಬೀಗ. ಊಟಕ್ಕೆ ಕೂತರೆ ಉಪ್ಪು ಕೇಳುವುದೂ ಕೈಸನ್ನೆಯಲ್ಲೇ. “ಮಾತೆಲ್ಲ ಆಸ್ಪತ್ರೇಲಿ ಸುರಿದು ಬಂದು ನಮಗೆ ಖಾಲಿ ಚೀಲ ತೋರಿಸ್ತಾಳೆ,” ಎಂದು ಅಮ್ಮ ರೇಗಿಸುತ್ತಿದ್ದಳು. ಅಮ್ಮ ತಮಾಷೆಗೆ ಅಂದದ್ದು ಅಕ್ಷರಶಃ ನಿಜವಾಗಿತ್ತು.

ಸುಟ್ಟಗಾಯದ ವಾರ್ಡಿನಲ್ಲಿ ಬೆಳಗ್ಗೆ ಒಂಬತ್ತು ಗಂಟೆ ಎಂದರೆ ಎಲ್ಲರಿಗೂ ಹೆದರಿಕೆ. ಪಟ್ಟಿ ಬದಲಿಸುವ ಹೊತ್ತು ಅದು. ಹಿಂದಿನ ದಿನದ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತದೆ. ಉಪ್ಪುನೀರು ಹನಿಸಿ, ನೆನೆಸಿ, ಇಕ್ಕಳದಿಂದ ಎಳೆ ಎಳೆಯಾಗಿ ಬಿಡಿಸಬೇಕು. ನೋವಿನ ಸೂಜಿ ಕೊಟ್ಟಿದ್ದರೂ ಅದು ಅರ್ಧ ದಾರಿಗೆ ಕೈಕೊಡುತ್ತದೆ. ಡ್ರೆಸಿಂಗ್ ರೂಮಿಗೆ ಬಾಗಿಲಿರಲಿಲ್ಲ, ಹಸಿರು ಪರದೆ ಮಾತ್ರ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ಒಳಗಿನದೆಲ್ಲ ಕೇಳುತ್ತಿತ್ತು.

ಅಲ್ಲಿಗೆ ಹೋದ ಎರಡನೇ ವರ್ಷ ಒಬ್ಬ ಕ್ಯಾಂಟೀನ್ ಅಡುಗೆಯವನು ಬಂದ. ದೊಡ್ಡ ಪಾತ್ರೆಯ ಹಬೆ ಹೊಡೆದು ಎರಡೂ ತೋಳು ಬೆಂದಿದ್ದವು. ಆಳು ಗಟ್ಟಿಮುಟ್ಟು, ಪಟ್ಟಿ ಮುಟ್ಟಿದರೆ ಮಗುವಿನಂತೆ ಕಿರುಚುತ್ತಿದ್ದ. ಬಿಡಿಸುವವಳ ಕೈ ನಡುಗಿದರೆ ಬಟ್ಟೆಯ ಜೊತೆ ಚರ್ಮವೂ ಬರುತ್ತದೆ. ಏನಾದರೂ ಮಾತಾಡಿ ಅವನ ಗಮನ ತಪ್ಪಿಸೋಣವೆಂದರೆ ಚಿಕ್ಕಮ್ಮನಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಒಂದು ಹಳೆಯ ಪುಸ್ತಕ.

ಅವಳೂ ಅಮ್ಮನೂ ಚಿಕ್ಕವರಿದ್ದಾಗ ತಾತ ರದ್ದಿ ಅಂಗಡಿಯಿಂದ ತಂದುಕೊಟ್ಟ ಕತೆಪುಸ್ತಕ ಅದು. ಮುಂದಿನ ರಟ್ಟೂ ಇಲ್ಲ, ಹಿಂದಿನ ಹಾಳೆಗಳೂ ಇಲ್ಲ. ದಣಿದ ದಾರಿಹೋಕನೊಬ್ಬ ಮಣ್ಣಿನ ದಾರಿಯಲ್ಲಿ ನಡೆಯುತ್ತಾನೆ, ಹಲಗೆಯ ಸೇತುವೆ ದಾಟುತ್ತಾನೆ, ಎರಡೂ ಕಡೆ ಮರಗಳಿರುವ ಸಾಲಿನಲ್ಲಿ ಸಾಗಿ ಇಳಿಜಾರಿನ ಮೇಲಿರುವ ಮನೆ ಮುಟ್ಟಿ ಬಾಗಿಲಿಗೆ ಕೈ ಇಡುತ್ತಾನೆ. ಅಲ್ಲಿಗೆ ಹಾಳೆ ಹರಿದಿತ್ತು. ಒಳಗೆ ಏನಿತ್ತು ಎಂದು ಅಕ್ಕತಂಗಿಯರಿಗೆ ಗೊತ್ತಾಗಲೇ ಇಲ್ಲ.

ಚಿಕ್ಕಮ್ಮ ಆ ಅಡುಗೆಯವನನ್ನು ಅದೇ ದಾರಿಯಲ್ಲಿ ನಡೆಸಿದಳು. “ಕಣ್ಣು ಮುಚ್ಚಿ. ಕಾಲ ಕೆಳಗೆ ಮಣ್ಣು ತಣ್ಣಗಿದೆ. ನಿಧಾನ. ಈಗ ನೀರಿನ ಸದ್ದು ಕೇಳ್ತಿದೆಯಾ?” ಅವನು ಕಿರುಚುವುದು ನಿಲ್ಲಿಸಿ ನರಳತೊಡಗಿದ, ಆಮೇಲೆ ಅದನ್ನೂ ನಿಲ್ಲಿಸಿದ. ಮನೆಯ ಬಾಗಿಲು ಬಂದಾಗ ಅವಳಿಗೆ ಮುಂದೆ ಹೇಳಲು ಏನೂ ಇರಲಿಲ್ಲವಲ್ಲ, “ಇಲ್ಲಿಗೆ ಸಾಕು. ಒಳಗೆ ಬೇಡ, ತಿರುಗಿ ಬರೋಣ,” ಎಂದಳು. ಮಾರನೆಯ ದಿನ ಅವನೇ ಕಣ್ಣು ಮುಚ್ಚಿಕೊಂಡು ಕಾದಿದ್ದ. “ಸಿಸ್ಟರ್, ಆ ಸೇತುವೆ ಕಟ್ಟಿದ ಕಂಟ್ರಾಕ್ಟರ್ ಯಾರು? ಮೂರನೇ ಹಲಗೆ ಅಲ್ಲಾಡ್ತದೆ!”

ಮೂರನೇ ಹಲಗೆ ಅಲ್ಲಾಡುವ ಮಾತನ್ನು ಚಿಕ್ಕಮ್ಮ ಹೇಳಿಯೇ ಇರಲಿಲ್ಲ. ಆದರೂ ಮುಂದಿನ ರೋಗಿಗೆ “ಮೂರನೇ ಹಲಗೆ ಹುಷಾರು” ಎಂದಳು. ಹಾಗೆ ಆ ಜಾಗ ಬೆಳೆಯಿತು. ವೆಲ್ಡಿಂಗ್ ಕೆಲಸದವನು ಮರದಡಿ ಒಂದು ಕಲ್ಲುಬೆಂಚು ಹಾಕಿದ. ಒಬ್ಬ ಮುದುಕಿ ಇಳಿಜಾರಿಗೆ ಗಾಳಿ ತಂದಳು. ಯಾರೂ ಬಾಗಿಲು ದಾಟುತ್ತಿರಲಿಲ್ಲ. ವಾರ್ಡಿನವರೆಲ್ಲ ಅವಳನ್ನು ದಾರಿ ಸಿಸ್ಟರ್ ಎಂದು ಕರೆಯತೊಡಗಿದರು.

ಇತಿಹಾಸ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕಾಲು ಸುಟ್ಟುಕೊಂಡು ಬಂದಿದ್ದರು. ವಾಸಿಯಾಗಿ ಹೊರಡುವಾಗ ಅವರೊಂದು ಮಾತು ಹೇಳಿದರಂತೆ: “ಹಿಂದಿನ ಕಾಲದಲ್ಲಿ ನಕ್ಷೆ ಬರೆಯೋರು ಯಾರೂ ನೋಡದ ದ್ವೀಪಗಳನ್ನೂ ಸಮುದ್ರದ ಮಧ್ಯೆ ಬರೆದಿಡ್ತಿದ್ರು ತಾಯಿ. ಹಡಗಿನವರು ಅದನ್ನ ನಂಬಿ ವರ್ಷಗಟ್ಟಲೆ ಹುಡುಕೋರು. ನಿಮ್ಮ ಜಾಗಾನೂ ಹಾಗೇ. ಸ್ವಲ್ಪ ಹುಷಾರು.” ಚಿಕ್ಕಮ್ಮ ನಕ್ಕು ಅವರ ಕೈಗೆ ಕೋಲು ಕೊಟ್ಟಳು.

ನಾನು ಕಾಲೇಜಿಗೆ ಸೇರಿದ ವರ್ಷ ವಾರ್ಡಿಗೆ ಲಾಂಡ್ರಿಯ ಹುಡುಗಿಯೊಬ್ಬಳು ಬಂದಳು. ಇಪ್ಪತ್ತಮೂರು ವರ್ಷ. ಬಾಯ್ಲರ್ ಸಿಡಿದು ಬೆನ್ನು, ಕತ್ತು, ಒಂದು ತೋಳು ಬೆಂದುಹೋಗಿದ್ದವು. ತಾಯಿ ದಿನವೂ ಬೆಂಚಿನ ಮೇಲೆ ಪರದೆಗೆ ಮುಖ ಮಾಡಿ ಕೂರುತ್ತಿದ್ದಳು. ಮೊದಲ ಹತ್ತು ದಿನ ಹುಡುಗಿ ದಾರಿಯಲ್ಲಿ ನಡೆದರೂ ಅಳು ನಿಲ್ಲಲಿಲ್ಲ. ಅಳುತ್ತಲೇ ಸೇತುವೆ ದಾಟುತ್ತಿದ್ದಳು, ಅಳುತ್ತಲೇ ಬಾಗಿಲು ಮುಟ್ಟಿ ತಿರುಗುತ್ತಿದ್ದಳು.

ಹನ್ನೊಂದನೆಯ ದಿನ ಕತ್ತಿನ ಹಿಂಭಾಗದ ಪಟ್ಟಿ ಬಿಡಿಸಬೇಕಿತ್ತು. ಎಲ್ಲಕ್ಕಿಂತ ಕೆಟ್ಟ ಜಾಗ. ಅರ್ಧ ಬಿಡಿಸಿದಾಗ ಹುಡುಗಿ ತಟ್ಟನೆ ಸುಮ್ಮನಾದಳು.

“ಸಿಸ್ಟರ್, ಬಾಗಿಲು ತೆರೆದಿದೆ.”

ಚಿಕ್ಕಮ್ಮ ಗಾಯದ ಮೇಲೆ ಬಾಗಿದ್ದಳು. ಇಕ್ಕಳದ ತುದಿಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು.

“ಒಳಗೆ ಹೋಗ್ಲಾ?”

“ಹೋಗಮ್ಮ,” ಎಂದಳು ಚಿಕ್ಕಮ್ಮ.

“ನೆಲ ಎಷ್ಟು ತಂಪಾಗಿದೆ ಸಿಸ್ಟರ್! ಯಾರೋ ನೀರು ತುಂಬಿಟ್ಟಿದ್ದಾರೆ.” ಆಮೇಲೆ ಹುಡುಗಿ ಒಂದು ಸಲವೂ ‘ಅಮ್ಮಾ’ ಅನ್ನಲಿಲ್ಲ. ಪಟ್ಟಿ ಪೂರ್ತಿ ಸಲೀಸಾಗಿ ಬಂತು. “ತಿರುಗಿ ಬಾ” ಎಂದು ಕರೆಯುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.

ಅದಾದ ಮೂರನೆಯ ದಿನ ಹುಡುಗಿ ತೀರಿಕೊಂಡಳು. ನಂಜು ರಕ್ತಕ್ಕೆ ಏರಿತ್ತು. ಡಾಕ್ಟರು ಅದನ್ನು ಒಂದು ವಾರ ಮೊದಲೇ ಸಂಶಯಪಟ್ಟು ಬರೆದಿಟ್ಟಿದ್ದರು. ಚಿಕ್ಕಮ್ಮನಿಗೂ ಗೊತ್ತಿತ್ತು.

ಆದರೆ ವಾರ್ಡಿನ ಬಾಯಿಗೆ ಡಾಕ್ಟರ ಕಾಗದ ಅಡ್ಡ ಬರುತ್ತದೆಯೇ? ಬೆಂಚಿನಿಂದ ಹಾಸಿಗೆಗೆ, ಹಾಸಿಗೆಯಿಂದ ಗೇಟಿಗೆ ಸುದ್ದಿ ಹಬ್ಬಿತು. ದಾರಿ ಸಿಸ್ಟರ್ ಆ ಹುಡುಗಿಯನ್ನು ಮನೆಯೊಳಗೆ ಕಳಿಸಿದಳಂತೆ, ಒಳಗೆ ಹೋದವರು ತಿರುಗಿ ಬರುವುದಿಲ್ಲವಂತೆ, ಅದಕ್ಕೇ ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳಂತೆ. ಒಬ್ಬ ಗಂಡ ತನ್ನ ಹೆಂಡತಿಯ ಹಾಸಿಗೆಗೆ ಅಡ್ಡ ನಿಂತು, “ನೀವು ಪಟ್ಟಿ ಮಾತ್ರ ಕಟ್ಟಿ, ಬಾಯಿ ತೆರೀಬೇಡಿ,” ಎಂದ. ಅದೇ ವಾರ, ಬದುಕುವ ಆಸೆ ಬಿಟ್ಟಿದ್ದ ಮುದುಕನೊಬ್ಬ ಅವಳ ಸೆರಗು ಹಿಡಿದು, “ನನ್ನನ್ನೂ ಒಳಗೆ ಬಿಟ್ಟುಬಿಡವ್ವ, ಸಾಕಾಗಿದೆ,” ಎಂದು ಕೈಮುಗಿದ. ಬೈದ ಗಂಡನಿಗಿಂತ ಕೈಮುಗಿದ ಮುದುಕ ಅವಳನ್ನು ಹೆಚ್ಚು ಹೆದರಿಸಿದ.

ಮೇಟ್ರನ್ ಕರೆದು ಕೂರಿಸಿದರು. “ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಇನ್ನು ದಾರಿ ಗೀರಿ ಏನೂ ಬೇಡ. ಸುಮ್ನೆ ಪಟ್ಟಿ ಕಟ್ಟು.”

ಚಿಕ್ಕಮ್ಮ ಸುಮ್ಮನೆ ಪಟ್ಟಿ ಕಟ್ಟಿದಳು. ಒಂಬತ್ತು ಗಂಟೆಯ ಕಿರುಚಾಟ ಮತ್ತೆ ಶುರುವಾಯಿತು. ಮನೆಗೆ ಬಂದರೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಿದ್ದಳು. ಅಮ್ಮ ಕದ ಬಡಿದು, “ಏನೇ, ಕೈ ತೊಳೀತಿದೀಯೋ ಟ್ಯಾಂಕ್ ಖಾಲಿ ಮಾಡ್ತಿದೀಯೋ?” ಎನ್ನುವಳು. ಒಂದು ದಿನ ಅಟ್ಟದ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ಹುಡುಕಿದಳು. “ಆ ಪುಸ್ತಕ ಎಲ್ಲಕ್ಕಾ?” ಅಮ್ಮ, “ಅದನ್ನ ಯಾವತ್ತೋ ಒಲೆಗೆ ಹಾಕಿದ್ದಾಯ್ತಲ್ಲೇ,” ಎಂದಳು. ಚಿಕ್ಕಮ್ಮ ಧೂಳಿನ ಮಧ್ಯೆ ಕೂತು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಡುಗಿಯ ತಾಯಿ ಆಸ್ಪತ್ರೆಗೆ ಬಂದಳು. ಪಟ್ಟಿಯ ಕೆಲಸ ಮುಗಿದು ಬೆಂಚು ಖಾಲಿಯಿತ್ತು. ಅವಳನ್ನು ಕಂಡೊಡನೆ ಚಿಕ್ಕಮ್ಮ ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದುಕೊಂಡು ಎದುರು ನಿಂತಳು.

“ಕೂತ್ಕೊಳಿ ಸಿಸ್ಟರ್,” ಎಂದಳು ತಾಯಿ. “ನನ್ನನ್ನೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಿ. ನೋಡಿ ಬಂದುಬಿಡ್ತೀನಿ.”

“ಅಂಥ ಜಾಗ ಇಲ್ಲಮ್ಮ. ಅದು ಒಂದು ಕತೆಪುಸ್ತಕದ್ದು. ಉಳಿದಿದ್ದೆಲ್ಲ ನಾವು ಕಟ್ಟಿದ್ದು.”

“ಇಲ್ಲಿನವರು ಗದರಿಸಿದಾರೆ ಅಂತ ಹೀಗೆ ಹೇಳ್ತೀರಾ.”

“ಇಲ್ಲ, ನಿಮ್ಮಾಣೆ. ನಿಜವಾಗ್ಲೂ ಇಲ್ಲ.”

ತಾಯಿ ಪರದೆಯತ್ತ ಕೈ ತೋರಿದಳು. “ಹತ್ತು ದಿನ ಇಲ್ಲಿ ಕೂತು ಅವಳ ಅಳು ಕೇಳಿದೀನಿ. ಹನ್ನೊಂದನೇ ದಿನ ಅಳಲಿಲ್ಲ. ನೆಲ ತಂಪಾಗಿದೆ ಅಂದಳು. ನನ್ನ ಮಗಳು ಸುಳ್ಳು ಹೇಳೋಳಲ್ಲ ಸಿಸ್ಟರ್. ಎಲ್ಲರಿಗೂ ಅದನ್ನೇ ಹೇಳಿದೆ, ನನ್ನ ಮಗು ತಂಪಾದ ಕಡೆ ಹೋಯ್ತು ಅಂತ. ನಿಮ್ಮನ್ನ ದೂರಲಿಲ್ಲ. ಜನ ಅದಕ್ಕೆ ಬೇರೆ ಬಾಲ ಕಟ್ಟಿದ್ರು.”

ಚಿಕ್ಕಮ್ಮ ಅವಳ ಪಕ್ಕ ಕೂತಳು. “ಸರಿ, ಕಣ್ಣು ಮುಚ್ಚಿ,” ಎಂದು ಶುರು ಮಾಡಿದಳು. ಮಣ್ಣಿನ ದಾರಿ, ನೀರಿನ ಸದ್ದು, ಸೇತುವೆ. ಅಲ್ಲಿಗೆ ದನಿ ನಿಂತುಹೋಯಿತು. ಹದಿನಾಲ್ಕು ವರ್ಷ ದಿನಕ್ಕೆ ಏಳೆಂಟು ಸಲ ನಡೆದ ದಾರಿ, ಸೇತುವೆಯ ಆಚೆ ಏನೇನೂ ಕಾಣಲಿಲ್ಲವಂತೆ. ಬರೀ ಬೆಳ್ಳಗೆ, ಗೋಡೆಯ ಹಾಗೆ.

“ಆಮೇಲೆ ಮರದ ಸಾಲು ಅಲ್ವಾ?” ಎಂದಳು ತಾಯಿ ಕಣ್ಣು ತೆರೆಯದೆ. “ಕಲ್ಲುಬೆಂಚು ಎಡಗಡೆ. ಬನ್ನಿ.” ಬೆಂಚಿನ ಮೇಲೆ ಹನ್ನೊಂದು ದಿನ ಕೇಳಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. ಚಿಕ್ಕಮ್ಮನ ಕೈ ಹಿಡಿದು ಅವಳೇ ನಡೆಸಿದಳು. ಇಳಿಜಾರು, ಗಾಳಿ, ಮನೆ. ಬಾಗಿಲು ಬಂದಾಗ, “ನೀವು ಇಲ್ಲೇ ಇರಿ ಸಿಸ್ಟರ್, ಒಳಗೆ ಬರಬೇಡಿ,” ಎಂದಳು.

ಗೋಡೆ ಗಡಿಯಾರದಲ್ಲಿ ನಾಲ್ಕೈದು ನಿಮಿಷ ಕಳೆಯಿತು. ತಾಯಿಯ ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಆಮೇಲೆ ಕಣ್ಣು ತೆರೆದು, ಚಪ್ಪಲಿ ಮೆಟ್ಟಿ, ಏನು ಕಂಡೆನೆಂದು ಹೇಳದೆ ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ.

ಮುಂದಿನ ತಿಂಗಳು ಮೇಟ್ರನ್ ಅವರೇ ಸೋತರು. “ಈ ಕೂಗಾಟ ಕೇಳೋಕಾಗಲ್ಲ ಮಾರಾಯ್ತಿ. ಬೇಕಾದ್ರೆ ಮತ್ತೆ ಶುರು ಮಾಡು. ಆ ಮನೆ ಒಂದನ್ನ ತೆಗೆದುಬಿಡು, ಸಾಕು.”

“ಮನೆ ಇಲ್ಲದಿದ್ರೆ ಅವರು ಎಲ್ಲಿಗೆ ಅಂತ ನಡೀಬೇಕು ಮೇಡಂ?” ಎಂದಳು ಚಿಕ್ಕಮ್ಮ. ಅಂದೇ ವರ್ಗಾವಣೆಗೆ ಅರ್ಜಿ ಬರೆದುಕೊಟ್ಟಳು.

ಉಳಿದ ಹದಿನೈದು ವರ್ಷ ಅವಳು ಕೆಳಮಹಡಿಯ ಕೋಣೆಯಲ್ಲಿ ಗಾಯದ ಬಟ್ಟೆ ಕತ್ತರಿಸಿ, ಮಡಚಿ, ಡಬ್ಬಿಗೆ ತುಂಬಿ, ಕ್ರಿಮಿ ಸಾಯಿಸುವ ಹಬೆಯಂತ್ರದಲ್ಲಿ ಇಡುವ ಕೆಲಸ ಮಾಡಿದಳು. ಅಲ್ಲಿ ರೋಗಿಗಳಿಲ್ಲ. ಜೊತೆಗಿದ್ದ ಆಯಾ ಒಬ್ಬಳಿಗೆ ಕಿವಿ ಮಂದ. “ಇಬ್ಬರಿಗೂ ಅನುಕೂಲ,” ಎಂದು ಆಯಾ ನನ್ನ ಹತ್ತಿರ ನಕ್ಕಿದ್ದಳು.

ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ, ಬಟ್ಟೆ ಒಣಹಾಕುತ್ತಿದ್ದವಳನ್ನು ನಾನೇ ಕೇಳಿದೆ. “ಚಿಕ್ಕಮ್ಮ, ಆ ಹುಡುಗಿ ಹೇಗಿದ್ರೂ ಉಳೀತಿರಲಿಲ್ಲ ಅಲ್ವಾ? ಇನ್ನೂ ಯಾಕೆ ಕೊರಗ್ತೀಯ?”

ಅವಳು ಒದ್ದೆ ಟವೆಲನ್ನು ಕೊಡವಿ ತಂತಿಗೆ ಹಾಕಿದಳು. “ಉಳೀತಿರಲಿಲ್ಲ, ಗೊತ್ತು ಕಣೇ. ಆದರೆ ಒಳಗೆ ಹೋಗು ಅಂದೆನಲ್ಲ, ಅದನ್ನ ಅವಳಿಗೋಸ್ಕರ ಅಂದೆನೋ, ನನ್ನ ಕೈ ನಡುಗದೆ ಕೆಲಸ ಮುಗೀಲಿ ಅಂತ ಅಂದೆನೋ? ಅಷ್ಟು ಮಾತ್ರ ಇವತ್ತಿಗೂ ಗೊತ್ತಾಗ್ತಿಲ್ಲ.”

ಬಕೆಟ್ಟಿನಲ್ಲಿ ಇನ್ನೂ ನಾಲ್ಕು ಬಟ್ಟೆ ಇದ್ದವು. ಇಬ್ಬರೂ ಸೇರಿ ಹಿಂಡಿ ಒಣಹಾಕಿದೆವು.