ಅವ್ವನ ಹರಕೆ ತಿಕೋಟಾ ಬಸ್ಸಿನಲ್ಲಿ ತೀರಿದ್ದು

ದ್ಯಾಮವ್ವ ತಾಯಿಗೆ ನಡೆದುಕೊಳ್ಳುವ ಬಂಧುಗಳೇ,

1977ರ ಬೇಸಿಗೆಯಲ್ಲಿ ನನಗೆ ಬಂದ ಸಂಕಟ ಹೊರಗಿನವರ ಕಣ್ಣಿಗೆ ಸಂಕಟದಂತೆ ಕಾಣುವಂಥದ್ದಲ್ಲ. ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ನಾನು ಎಂ.ಬಿ.ಬಿ.ಎಸ್. ಮುಗಿಸಿ ಇಂಟರ್ನ್‌ಶಿಪ್ಪಿನ ಕೊನೆಯಲ್ಲಿದ್ದೆ. ಮುಂದೆ ಹೌಸ್ ಸರ್ಜನ್ ಆಗಿ, ಅಂದರೆ ಹಿರಿಯರ ಕೈಕೆಳಗಿನ ಕಿರಿಯ ವೈದ್ಯೆಯಾಗಿ, ಯಾವ ವಿಭಾಗದಲ್ಲಿ ದುಡಿಯುತ್ತೇನೆ ಎಂಬುದನ್ನು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಬರೆದುಕೊಡಬೇಕಿತ್ತು. ಮೊದಲ ಜಾಗದಲ್ಲಿ ನನ್ನ ಮನಸ್ಸಿನಲ್ಲಿದ್ದ ಹೆಸರು ಬರೆದರೆ ಅವ್ವ ತಾಯಿಗೆ ಹೊತ್ತ ಹರಕೆ ಮುರಿಯುತ್ತಿತ್ತು. ಬರೆಯದಿದ್ದರೆ ನಾನು ಜೀವನಪೂರ್ತಿ ಬೇರೆ ಯಾರದೋ ಕೆಲಸ ಮಾಡಿದಂತಾಗುತ್ತಿತ್ತು.

ಆಗ ನನಗೆ ಡೈರಿ ಬರೆಯುವ ರೂಢಿ ಇತ್ತು. ಇದನ್ನು ಬರೆಯುವಾಗ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೇನೆ. ನೆನಪು ತನಗೆ ಬೇಕಾದಂತೆ ಕಥೆ ಕಟ್ಟುತ್ತದೆ ಎಂಬ ಅಂಜಿಕೆ ನನ್ನದು. ಎಲ್ಲಿ ನನಗೆ ಖಾತ್ರಿ ಇಲ್ಲವೋ ಅಲ್ಲಿ ಇಲ್ಲವೆಂದೇ ಹೇಳುತ್ತೇನೆ.

ಹರಕೆಯ ಹಿನ್ನೆಲೆ ಹೀಗೆ. ನಮ್ಮದು ಬಬಲೇಶ್ವರ. ನನ್ನ ಅಕ್ಕ ಗಂಗವ್ವನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ನಾನು ಪಿ.ಯು.ಸಿ. ಓದುತ್ತಿದ್ದಾಗ ಅವಳಿಗೆ ಗಂಡನ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು ಚೆನ್ನಾಗಿತ್ತು, ಆದರೆ ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಬಾಣಂತನಕ್ಕೆಂದು ಹೋಗಿದ್ದ ಅವ್ವ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ವಿಜಾಪುರಕ್ಕೆ ಹೊರಟಳು. ವಿಜಯಪುರವನ್ನು ಆಗ ನಾವು ಹಾಗೆಯೇ ಕರೆಯುತ್ತಿದ್ದೆವು. ಊರು ಮುಟ್ಟುವ ಮೊದಲೇ ಅಕ್ಕ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅವ್ವ ದ್ಯಾಮವ್ವನ ಗುಡಿಗೆ ಹೋಗಿ, ‘ಉಳಿದ ಮಗಳನ್ನು ಹೆರಿಗೆಯ ಡಾಕ್ಟರ್ ಮಾಡುತ್ತೇನೆ, ಮಾಡಿ ನಿನ್ನ ಉಡಿ ತುಂಬುತ್ತೇನೆ’ ಎಂದು ಹರಕೆ ಹೊತ್ತಳು. ನಾನು ಡಾಕ್ಟರಾದದ್ದು ಆ ಒಂದು ಮಾತಿನ ಬಲದಿಂದ. ಅದನ್ನು ಎಂದೂ ಮರೆತಿಲ್ಲ.

ಆದರೆ ಇಂಟರ್ನ್‌ಶಿಪ್ಪಿನಲ್ಲಿ ಎಲ್ಲ ವಿಭಾಗಗಳನ್ನು ಸುತ್ತಿ ಬಂದಾಗ ನನ್ನ ಮನಸ್ಸು ಕ್ಯಾಜುವಲ್ಟಿಯಲ್ಲಿ ನಿಂತುಬಿಟ್ಟಿತು. ತುರ್ತು ಚಿಕಿತ್ಸೆ ಎಂಬ ಬೇರೆ ಪದವಿಯೇ ನಮ್ಮಲ್ಲಿ ಆಗ ಇರಲಿಲ್ಲ. ಆಸ್ಪತ್ರೆಯ ಬಾಗಿಲ ಬಳಿಯ ಒಂದು ಕೋಣೆ, ಬಂದವರನ್ನು ಹಿಡಿದು ನಿಲ್ಲಿಸಿ ಒಳಗೆ ಸಾಗಹಾಕುವ ಜಾಗ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯವಳು ಮೆಹರುನ್ನಿಸಾ, ವಿಜಾಪುರ ಪಟ್ಟಣದವಳು. ನನ್ನ ಮಾತು ಕೇಳಿ ಹಣೆ ಚಚ್ಚಿಕೊಂಡಳು.

“ಏ ಹುಚ್ಚಿ, ಕ್ಯಾಜುವಲ್ಟಿ ಅಂದ್ರ ಬಸ್‌ಸ್ಟ್ಯಾಂಡ್ ಇದ್ದಂಗ. ಎಲ್ಲಾರೂ ಬರ್ತಾರ, ಯಾರೂ ನಿಂದ್ರಂಗಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಮನಿ ಕಟ್ಟತೀಯೇನ?”

“ಕೆಟ್ಟು ನಿಂತವ್ರು ಮೊದಲ ಅಲ್ಲೇ ಬರ್ತಾರಲ್ಲ ಮೆಹರೂ.”

“ಬರ್ಲಿ. ನೀ ಯಾಕ ಅಲ್ಲೇ ಬಿದ್ದಿರ್ತಿ? ಹೆಣ್ಣುಮಗಳಿಗಿ ಹೆರಿಗಿ ವಾರ್ಡ್ ಅಂದ್ರ ಸಿಂಹಾಸನ.”

ಹೀಗೆ ಬೈದವಳೇ ನನ್ನ ಜೊತೆ ಆಸ್ಪತ್ರೆಗಳನ್ನು ವಿಚಾರಿಸಲು ಬಂದಳು. ನಾನು ಅರ್ಜಿ ಹಾಕಬಹುದಾದ ಆಸ್ಪತ್ರೆಗಳು ಎರಡಿದ್ದವು. ಎಷ್ಟು ಅಂಕಕ್ಕೆ ಎಲ್ಲಿ ಜಾಗ ಸಿಗುತ್ತದೆಂಬ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ನಮಗೆ ಬೇಕಿದ್ದದ್ದು ಬೇರೆ ಸುದ್ದಿ. ಅಲ್ಲಿಯ ಹಿರಿಯರು ಕೈಹಿಡಿದು ಕಲಿಸುತ್ತಾರೋ ಅಥವಾ ಬರೀ ಬೈಯುತ್ತಾರೋ? ಬೇಕೆಂದಾಗ ರಕ್ತ ಸಿಗುತ್ತದೆಯೋ? ಆಪರೇಷನ್ ಥಿಯೇಟರ್ ಅದೇ ಅಂತಸ್ತಿನಲ್ಲಿದೆಯೋ, ಇಲ್ಲ ರೋಗಿಯನ್ನು ಹೊತ್ತು ಮೆಟ್ಟಿಲು ಹತ್ತಬೇಕೋ? ಡ್ಯೂಟಿಯ ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ಇದೆಯೋ? ಒಂದು ಆಸ್ಪತ್ರೆಗೆ ದೊಡ್ಡ ಹೆಸರಿತ್ತು, ಆದರೆ ಅಲ್ಲಿ ಹೌಸ್ ಸರ್ಜನ್‌ಗಳಿಗೆ ಕಾಗದ ಬರೆಯುವುದೇ ಕೆಲಸ. ಇನ್ನೊಂದರ ಗೋಡೆಗಳಿಗೆ ಸುಣ್ಣ ಕಾಣದೆ ಕಾಲವಾಗಿತ್ತು, ಆದರೆ ಅಲ್ಲಿಯ ಹಿರಿಯ ಸರ್ಜನ್ ಹೊಸಬರ ಕೈಗೇ ಸೂಜಿ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ನನ್ನ ಮನಸ್ಸಿನಲ್ಲಿ ಆ ಎರಡನೆಯ ಆಸ್ಪತ್ರೆಯ ಕ್ಯಾಜುವಲ್ಟಿ ಮೊದಲ ಜಾಗಕ್ಕೆ ಬಂದು ಕುಳಿತಿತು.

ರಜೆ ಹಾಕಿ ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

“ಹರಕಿ ನಾ ಹೊತ್ತದ್ದು ನಿನಗ ಆಟ ಅನಿಸ್ತೇನ ಶಾಂತಾ?”

“ಇಲ್ಲವ್ವಾ. ಅದಕ್ಕ ನೀನ ಹೂ ಕೇಳು. ತಾಯಿ ಏನ ಹೇಳತಾಳೋ ಹಂಗ ಮಾಡತೇನಿ.”

ನಮ್ಮ ತಾಯಿಯ ಗುಡಿಯಲ್ಲಿ ಹೂ ಕೇಳುವ ಕ್ರಮ ನಿಮಗೆ ತಿಳಿದದ್ದೇ. ಪೂಜಾರಿ ನೀರಿನಲ್ಲಿ ಅದ್ದಿದ ಹೂಗಳನ್ನು ಮೂರ್ತಿಯ ಎರಡೂ ಭುಜಕ್ಕೆ ಹಚ್ಚುತ್ತಾನೆ. ಕೇಳಿದವರ ಮಾತಿಗೆ ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಹರಕೆಯ ವಿಷಯವಾದರೆ ಹೊತ್ತವರೇ ಕೇಳಬೇಕು, ಬೇರೆಯವರು ಕೇಳಿದರೆ ನಡೆಯದು.

ಅವ್ವ ತಲೆ ಅಲ್ಲಾಡಿಸಿದಳು. “ಕೇಳಂಗಿಲ್ಲ. ಆಕಿ ಬಲಕ್ಕ ಕೊಟ್ರ ನನ್ನ ಗಂಗಿ ಸತ್ತದ್ದು ಸುಮ್ನ ಹೋತು. ಎಡಕ್ಕ ಕೊಟ್ರ ನೀ ಜೀವ ಇದ್ದೂ ಸತ್ತಂಗ ಇರ್ತಿ. ಎರಡೂ ನನಗ ಬ್ಯಾಡ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮಂಗಳವಾರ ನಾನೊಬ್ಬಳೇ ಗುಡಿಗೆ ಹೋದೆ. ‘ಕ್ಯಾಜುವಲ್ಟಿ ಕೊಡು’ ಎಂದು ಬೇಡಲು ಬಾಯಿ ಬರಲಿಲ್ಲ. ‘ಅವ್ವನ ಎದೆಯ ಭಾರ ಇಳಿಸು, ನನ್ನದು ಹೇಗಾದರೂ ಆಗಲಿ’ ಎಂದೆ. ಹೀಗೆ ಬೇಡಿಕೊಂಡದ್ದು ನಿಜವೋ ಅಥವಾ ಆಮೇಲೆ ನಡೆದದ್ದಕ್ಕೆ ಹೊಂದುವಂತೆ ನಾನೇ ತಿದ್ದಿಕೊಂಡಿದ್ದೇನೋ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಡೈರಿ ಈ ವಿಷಯದಲ್ಲಿ ನನ್ನ ಪರವಾಗಿದೆ. ಮನೆಗೆ ಬಂದ ಮೇಲೆ ಮೊದಲ ಜಾಗದಲ್ಲಿ ಹೆರಿಗೆ ವಿಭಾಗವನ್ನೇ ಬರೆಯುವುದೆಂದು ತೀರ್ಮಾನಿಸಿದ್ದೂ ಅದರಲ್ಲಿದೆ. ಆ ಸಂಜೆ ನನಗೆ ಅನ್ನ ಸೇರಲಿಲ್ಲ.

ಕಾಲೇಜಿಗೆ ಮರಳುವ ಮುನ್ನ ಅವ್ವನ ಜೊತೆ ತಿಕೋಟಾಕ್ಕೆ ಹೋದೆ. ಅಕ್ಕನ ಮಗಳು ಶೈಲಾಳಿಗೆ ಅವ್ವ ಲಂಗ ಹೊಲಿಸಿದ್ದಳು. ಊಟ ಮುಗಿಸಿ, ಊರಿಗೆ ಮರಳಲು ವಿಜಾಪುರದ ಬಸ್ಸು ಹತ್ತಿದೆವು. ಆ ದಾರಿಯಲ್ಲಿ ಅವ್ವ ಎಂದೂ ಕಿಟಕಿಯ ಕಡೆ ಕೂರುವವಳಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಕಣ್ಣುಮುಚ್ಚಿ ಕೂತಳು.

ಊರ ಹೊರಗೆ ಕೆಲವರು ಟವೆಲ್ ಬೀಸುತ್ತ ರಸ್ತೆಗೆ ಅಡ್ಡ ನಿಂತಿದ್ದರು. ಬಸ್ಸು ನಿಂತಿತು. ಒಬ್ಬ ಗಂಡಸನ್ನು ಕೈಕಾಲು ಹಿಡಿದು ಎತ್ತಿ ತಂದರು. ಹಿಂದೆ ಅವನ ಹೆಂಡತಿ ಅಳುತ್ತ ಬಂದಳು. ಜಾಲಿಯ ಬೊಡ್ಡೆ ಕಡಿಯುವಾಗ ಕೊಡಲಿ ಜಾರಿ ತೊಡೆಗೆ ಬಿದ್ದಿತ್ತು. ಹೆಸರು ಮೌಲಾಸಾಬ ಎಂದು ಆಮೇಲೆ ತಿಳಿಯಿತು.

ಕಂಡಕ್ಟರ್ ಬಾಗಿಲಲ್ಲಿ ಕೈ ಅಡ್ಡ ಇಟ್ಟ. “ಏ ಏ, ನೆತ್ತರ ಸುರ್ಯಾಕತ್ತೇತಿ, ಸೀಟ್ ಎಲ್ಲಾ ಕೆಡತಾವು!”

ಮುಂದಿನ ಸೀಟಿನ ಮುದುಕ ಎದ್ದು ನಿಂತ. “ಸೀಟ್ ನಿಮ್ಮ ಮಾವ ಕೊಟ್ಟಾನೇನಲೇ? ಏರಿಸ್ಕೋ ಮೊದಲ!”

ನಡುವಿನ ದಾರಿಯಲ್ಲಿ ಮಲಗಿಸಿದರು. ಧೋತರದ ಮೇಲೆ ಧೋತರ, ಅದರ ಮೇಲೆ ಟವೆಲ್ ಸುತ್ತಿದ್ದರು. ಮನೆಯಲ್ಲಿದ್ದ ಅರಿಷಿಣವನ್ನೆಲ್ಲ ಗಾಯಕ್ಕೆ ತುಂಬಿದ್ದರು. ಬಟ್ಟೆ ತೊಯ್ದಂತೆ ಇನ್ನೊಂದು ಬಟ್ಟೆ ಸುತ್ತುತ್ತಿದ್ದರೇ ಹೊರತು ಒತ್ತಿ ಹಿಡಿದವರು ಯಾರೂ ಇರಲಿಲ್ಲ. ಕೆಂಪು ಕಾಣದಂತೆ ಮುಚ್ಚಿದರೆ ರಕ್ತ ನಿಂತಿತು ಎಂದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಿಳಿಯುತ್ತಿದ್ದರು. ಅಕ್ಕನಿಗೂ ಹಾಗೆಯೇ ಬಟ್ಟೆ ಸುತ್ತಿದ್ದರಂತೆ.

“ಹಾದಿ ಬಿಡ್ರಿ, ನಾ ಡಾಕ್ಟರ್ ಅದೇನಿ” ಎಂದೆ.

“ಈ ಹುಡಿಗಿ ಡಾಕ್ಟರ?” ಎಂದು ಯಾರೋ ನಕ್ಕರು. ನಾನು ಮಂಡಿಯೂರಿ ಬಟ್ಟೆಗಳನ್ನೆಲ್ಲ ಬಿಚ್ಚಿದಾಗ ನಗು ನಿಂತಿತು. ರಕ್ತ ನಾಡಿಯ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ತೊಡೆಯ ಬುಡದಲ್ಲಿ ನಾಡಿ ಸಿಗುವ ಜಾಗ ಹುಡುಕಿ, ಅಂಗೈಯ ಬುಡವಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಇನ್ನೊಂದು ಕೈಯಿಂದ ಗಾಯವನ್ನು ಅದುಮಿ ಹಿಡಿದೆ. ಚಿಮ್ಮುವುದು ನಿಂತಿತು.

“ಅವ್ವಾ, ಬಾ. ಇವರ ಕಾಲ ಎತ್ತಿ ಹಿಡಿ.”

ಅವ್ವ ಅಲ್ಲಾಡಲಿಲ್ಲ. ಮುಖ ಆ ಕಡೆ ತಿರುಗಿಸಿದ್ದಳು. ಎರಡನೆಯ ಸಲ ಕೂಗಿದೆ. ಆಗ ಎದ್ದು ಬಂದು, ನೆಲದ ಮೇಲೆ ಕೂತು, ಆ ಅಪರಿಚಿತನ ಹಿಮ್ಮಡಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

ಡ್ರೈವರ್ ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಹಿಂದಿನಿಂದ ಒಬ್ಬ ಕೂಗಿಕೊಂಡ: “ಯಪ್ಪಾ, ನಮ್ಮೂರು ಹೋತಲೋ!”

“ಹೋಗ್ಲಿ ಬಿಡು, ಎಲ್ಲಿ ಓಡಿಹೋಗತೈತಿ ಅದು? ಇಜಾಪುರದಾಗ ಚಾ ಕುಡದು ಬಾ” ಎಂದ ಕಂಡಕ್ಟರ್. ಸೀಟಿನ ಚಿಂತೆ ಅವನಿಗೆ ಆಗಲೇ ಮರೆತುಹೋಗಿತ್ತು. ತನ್ನ ಖಾಕಿ ಅಂಗಿಯನ್ನೇ ಮಡಚಿ ಮೌಲಾಸಾಬನ ತಲೆಯ ಕೆಳಗಿಟ್ಟಿದ್ದ.

ನನ್ನ ತೋಳು ಜೋಮು ಹಿಡಿಯಿತು. ಒಂದೇ ಸಮನೆ ಒಂದು ದನಿ ಕಿವಿಯಲ್ಲಿತ್ತು: “ಬಿಡಬ್ಯಾಡ, ಬಿಡಬ್ಯಾಡ.” ಅದು ಅವ್ವನದೋ, ಮೌಲಾಸಾಬನ ಹೆಂಡತಿಯದೋ, ಇಂದಿಗೂ ಹೇಳಲಾರೆ. ಅವ್ವನದೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಖಾತ್ರಿ ಇಲ್ಲ.

ಬಸ್ಸು ನೇರವಾಗಿ ಆಸ್ಪತ್ರೆಯ ಬಾಗಿಲಿಗೇ ಹೋಗಿ ನಿಂತಿತು. ಸ್ಟ್ರೆಚರ್ ಜೊತೆ ಕೈ ಬಿಡದೆಯೇ ಒಳಗೆ ಓಡಿದೆ. ಡ್ಯೂಟಿಯಲ್ಲಿದ್ದ ಸರ್ಜನ್ ರಕ್ತನಾಳ ಹಿಡಿದು, “ಈಗ ಬಿಡಮ್ಮ” ಎಂದ ಮೇಲೆ ಬಿಟ್ಟೆ. ಮನುಷ್ಯ ಉಳಿದ. ಕಾಲೂ ಉಳಿಯಿತು, ನಡಿಗೆಯಲ್ಲಿ ಕುಂಟು ಮಾತ್ರ ಹೋಗಲಿಲ್ಲ.

ಹೊರಗೆ ನಲ್ಲಿಯ ಬಳಿ ನಾನು ಕೈ ತೊಳೆಯುವಾಗ ಅವ್ವ ಬಂದು ನಿಂತಳು. ಅವಳ ಸೀರೆಯೂ ಕೆಂಪಾಗಿತ್ತು.

“ಅವತ್ತ ಗಾಡ್ಯಾಗ ನಿನ್ನಂಥಾಕಿ ಒಬ್ಬಾಕಿ ಇದ್ದಿದ್ರ ಗಂಗಿ ಉಳೀತಿದ್ಲೇನ?”

ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. “ಗೊತ್ತಿಲ್ಲವ್ವಾ. ಬಾಣಂತಿ ರಕ್ತ ಬ್ಯಾರೆ. ಹೊಟ್ಟಿ ಮ್ಯಾಲ ಒತ್ತಿ ತಿಕ್ಕಿದ್ರ ಒಮ್ಮೊಮ್ಮೆ ನಿಂದರ್ತೈತಿ, ಒಮ್ಮೊಮ್ಮೆ ಇಲ್ಲ.”

“ಒಮ್ಮೊಮ್ಮೆ ನಿಂದರ್ತೈತಿ” ಎಂದು ಅವ್ವ ತನಗೆ ತಾನೇ ಹೇಳಿಕೊಂಡಳು. ನಲ್ಲಿಯ ಕಟ್ಟೆಯ ಮೇಲೆ ಕೂತು ಅತ್ತಳು. ಅಕ್ಕ ಹೋದಾಗಿನಿಂದ ಅವಳು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಹೋಗುತ್ತಿದ್ದ ಮೌಲಾಸಾಬನ ಹೆಂಡತಿ ತಿರುಗಿ ಬಂದು ಅವಳನ್ನು ತಬ್ಬಿಕೊಂಡು, “ಯಾಕಳ್ತಿ ಯಕ್ಕಾ, ನನ್ನ ಗಂಡ ಉಳದಾನ” ಎಂದಳು. ಅದಕ್ಕೆ ಅವ್ವ, “ಅದಕ್ಕ ಅಳಾಕತ್ತೇನಿ ಬೇ” ಎಂದಳು.

ಶುಕ್ರವಾರ ಅವ್ವ ನನ್ನನ್ನು ಗುಡಿಗೆ ಕರೆದುಕೊಂಡು ಹೋದಳು. ಕೈಯಲ್ಲಿ ಹಸಿರು ಸೀರೆ, ಕುಪ್ಪಸ, ಕಾಯಿ, ಅಕ್ಕಿ. ಪೂಜಾರಿ ಕಾಳಪ್ಪಜ್ಜ ಸುದ್ದಿ ತಿಳಿದವನಂತೆ ಹೂಗಳನ್ನು ನೀರಿನಲ್ಲಿ ಅದ್ದತೊಡಗಿದ.

“ಹೂ ಹಚ್ಚಬ್ಯಾಡ್ರಿ ಅಜ್ಜಾರ. ಕೇಳಾಕ ಬಂದಿಲ್ಲ” ಎಂದಳು ಅವ್ವ.

“ಕೇಳದ ಹರಕಿ ಹೆಂಗ ಬಿಡತಿ ಬೇ?”

“ಬಿಡಾಕೂ ಬಂದಿಲ್ಲ. ತೀರಿಸಾಕ ಬಂದೇನಿ.” ಅವ್ವ ತಾಯಿಯ ಕಡೆ ತಿರುಗಿದಳು. ಮನೆಯ ಹಿರಿಯಳೊಡನೆ ಮಾತಾಡುವಂತೆ ಮಾತಾಡಿದಳು. “ನನ್ನ ಮಗಳು ಹೋದ ದಾರ್ಯಾಗ ಇನ್ನೊಬ್ಬಾಕಿ ಗಂಡ ಉಳದ. ನನ್ನ ಕಣ್ಣೀಲೆ ನೋಡೇನಿ. ನನಗ ಸಾಕವ್ವಾ. ನಿನಗೂ ಸಾಕಂತ ತಿಳಕೊಂಡೇನಿ. ಇಕಿ ಎಲ್ಲಿ ನಿಂದರ್ತೀನಿ ಅಂತಾಳ, ಅಲ್ಲೇ ನಿಂದ್ರಲಿ.”

ಹೇಳಿ ಉಡಿ ತುಂಬಿದಳು. ಕಾಳಪ್ಪಜ್ಜ ಆರತಿ ಎತ್ತಿದ. ಆಗ ತಾಯಿಯ ಬಲಭುಜದಿಂದ ಮುಂಜಾನೆಯ ಪೂಜೆಯ ಹೂವೊಂದು ಬಿತ್ತೆಂದು ಅವ್ವ ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ನಾನು ನೋಡಲಿಲ್ಲ, ಡೈರಿಯಲ್ಲೂ ಇಲ್ಲ. ನಾನು ಆಗ ನೋಡುತ್ತಿದ್ದದ್ದು ಅವ್ವನ ಮುಖವನ್ನು. ಬಿದ್ದಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ.

ಮೊದಲ ಜಾಗದಲ್ಲಿ ಕ್ಯಾಜುವಲ್ಟಿ ಎಂದು ಬರೆದುಕೊಟ್ಟೆ. ಎರಡನೆಯದರಲ್ಲಿ ಹೆರಿಗೆ ವಿಭಾಗ. “ನಿನಗ ಪೈಪೋಟಿನ ಇಲ್ಲ ಬಿಡು, ಆ ಕುರ್ಚಿ ಯಾರಿಗೂ ಬ್ಯಾಡ” ಎಂದಳು ಮೆಹರುನ್ನಿಸಾ. ಹಾಗೆಯೇ ಆಯಿತು. ಕೇಳಿದವಳು ನಾನೊಬ್ಬಳೇ, ಸಿಕ್ಕಿತು. ಜೀವನಪೂರ್ತಿ ಆ ಬಾಗಿಲಲ್ಲೇ ನಿಂತೆ.

ಬಂಧುಗಳೇ, ಒಂದು ಪ್ರಶ್ನೆ ಮಾತ್ರ ನನ್ನನ್ನು ಬಹುಕಾಲ ಕಾಡಿತು. ನಾನು ಬೇಡಿದ್ದು ಅವ್ವನ ಎದೆ ಹಗುರಾಗಲಿ ಎಂದು. ಅದು ಆಗುವುದಕ್ಕೆ ಯಾರೋ ಬಡವನ ತೊಡೆಗೆ ಕೊಡಲಿ ಬೀಳಬೇಕಿತ್ತೇ? ಅಂಥ ಕೃಪೆಗೆ ಹೇಗೆ ಕೈಮುಗಿಯಲಿ? ಓದಿದ ತಲೆ ಇಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಎಷ್ಟೋ ಸಲ ಗುಡಿಯ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದೆ. ಕೊನೆಗೊಮ್ಮೆ ಅವ್ವನನ್ನೇ ಕೇಳಿದೆ. ಅವಳು ಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತಲೂ ಇಲ್ಲ.

“ಕೊಡ್ಲಿ ಅವನ ಕೈಯಾಗಿಂದ ಜಾರಿತು ಶಾಂತಾ. ತಾಯಿ ಯಾಕ ಜಾರಸತಾಳ? ಆಕಿ ನಿನ್ನ ಆ ಗಾಡ್ಯಾಗ ಕುಂಡ್ರಿಸಿದ್ಲು. ಅಷ್ಟ ಆಕಿ ಕೆಲಸ.”

ಆವತ್ತಿನಿಂದ ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಕೈಮುಗಿಯುತ್ತೇನೆ.