ಸುಮ್ಮನಿದ್ದವರ ದೂರುಗಳು

ನಾದಿನಿಯೊಬ್ಬಳು ಅತ್ತಿಗೆಯನ್ನು ಹೊಗಳಿದರೆ ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟಿದ ಎಂದು ಕೇಳುವವರಿದ್ದಾರೆ. ಕೇಳಲಿ. ನಮ್ಮ ಅತ್ತಿಗೆಗೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸ. ದಿನವಿಡೀ ಊದಿದ ದವಡೆಗಳಿಗೆ ಸಮಾಧಾನ ಹೇಳಿ ಮನೆಗೆ ಬಂದು, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಇನ್ನೊಂದು ಬಿಟ್ಟಿ ಚಾಕರಿಗೆ ಕೂರುತ್ತಾಳೆ.

ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಇದೆ. ಯಾವ ಕಂಪನಿಯದೂ ಅಲ್ಲ. ಎಲ್ಲೆಲ್ಲಿಯದೋ ಜನ ಸಂಬಳವಿಲ್ಲದೆ ಕೂಡಿ ಬರೆದದ್ದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತೊಂದರೆಯಾದರೆ ಅದರ ತಾಣದಲ್ಲಿ ದೂರು ಬರೆಯಬೇಕು. ಹೊಸ ದೂರಿಗೆ ಎಲ್ಲರೂ ಮುಗಿಬೀಳುತ್ತಾರೆ, ಹಳೆಯದು ಅಡಿಗೆ ಬೀಳುತ್ತದೆ. ಆ ಅಡಿಯ ರಾಶಿಯೇ ಅತ್ತಿಗೆಯ ಪಾಲು. ವರ್ಷಗಟ್ಟಲೆ ಹಳೆಯ ದೂರನ್ನು ಎತ್ತಿಕೊಂಡು, ಬರೆದವರು ಹೇಳಿದಂತೆಯೇ ಮಾಡಿ ನೋಡಿ, ತಪ್ಪು ಇನ್ನೂ ಇದ್ದರೆ ‘ಇದೆ’ ಎಂದು ಗುರುತು ಹಾಕುತ್ತಾಳೆ. ಸರಿಹೋಗಿದ್ದರೆ ಅವರಿಗೊಂದು ಮಾತು ಬರೆದು ಮುಚ್ಚುತ್ತಾಳೆ.

“ಊರ ಉಸಾಬರಿಯೆಲ್ಲ ಇವಳಿಗೇ,” ಎಂದು ಅಣ್ಣ ರೇಗಿಸುತ್ತಾನೆ.

ಆ ರಾಶಿಯಲ್ಲಿ ನಮ್ಮ ಅಮ್ಮನ ದೂರೂ ಇತ್ತು. ಅಮ್ಮ ಟೈಪಿಸ್ಟ್ ಆಗಿದ್ದವಳು. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದುಹಾಕಿತು, ಪುಣ್ಯಕ್ಕೆ ಬೆರಳುಗಳನ್ನು ಬಿಟ್ಟಿತು. ಸಾಫ್ಟ್‌ವೇರ್ ಓದಿದ್ದನ್ನು ಕೇಳಿ ಈಗಲೂ ಪಟಪಟನೆ ಉತ್ತರ ಟೈಪ್ ಮಾಡುತ್ತಾಳೆ. ಆದರೆ ಪುಟದಲ್ಲಿ ಗೆರೆ ಹಾಕಿದ ಕೋಷ್ಟಕ ಬಂದರೆ ಸಾಕು, ದನಿ ಗಪ್‌ಚುಪ್. ಅಲ್ಲಿಂದ ಮುಂದೆ ಏನಿದ್ದರೂ ಕೇಳುವುದಿಲ್ಲ. ಲ್ಯಾಬಿನಿಂದ ಮೇಲ್‌ನಲ್ಲಿ ಬರುವ ರಕ್ತದ ವರದಿಯೋ, ಮೇಲಿಂದ ಕೆಳಗೆ ಬರೀ ಕೋಷ್ಟಕ. ಅದನ್ನು ಅಣ್ಣ ಓದಬೇಕು. ಅಮ್ಮ ಗಾಬರಿಯಾದಾಳೆಂದು ಅವನು ಸಕ್ಕರೆಯನ್ನು ತನಗೆ ತೋಚಿದಷ್ಟು ಇಳಿಸಿ ಓದುತ್ತಾನೆ. ಅದು ಅಮ್ಮನಿಗೆ ಚೆನ್ನಾಗಿ ಗೊತ್ತು.

“ನನ್ನ ರಕ್ತದಲ್ಲಿ ಏನಿದೆ ಅಂತ ನಾನೇ ಓದ್ಕೋಬೇಕು. ಅಷ್ಟೂ ಬೇಡ್ವಾ ನಂಗೆ?” ಎನ್ನುತ್ತಾಳೆ.

ಅತ್ತಿಗೆ ಎರಡು ವರ್ಷದ ಹಿಂದೆಯೇ ಆ ದೂರಿಗೆ ‘ಇದೆ’ ಎಂದು ಗುರುತು ಹಾಕಿ, ತಿದ್ದಬಲ್ಲವರನ್ನು ಹುಡುಕುತ್ತಲೇ ಇದ್ದಳು. ಅಷ್ಟರಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬರುವ ಕಾಲ ಬಂತು. ಈ ಯೋಜನೆಯ ಮುಖ್ಯಸ್ಥನನ್ನು ಅತ್ತಿಗೆ ದೊರೆ ಎಂದೇ ಕರೆಯುವುದು. ಬಾಕಿ ದೂರುಗಳ ರಾಶಿ ಬಂದವರ ಕಣ್ಣಿಗೆ ಅಸಹ್ಯ ಎಂದು ದೊರೆಗೆ ಅನ್ನಿಸಿತು. ತಪ್ಪು ತಿದ್ದುವುದು ಕಷ್ಟ, ರಾಶಿ ಗುಡಿಸುವುದು ಸುಲಭ. ಹೇಳಿಕೊಟ್ಟದ್ದನ್ನು ತಾನೇ ಮಾಡಿ ಮುಗಿಸುವ ಒಂದು ಪುಟ್ಟ ಪ್ರೋಗ್ರಾಮನ್ನು, ಬಾಟನ್ನು, ಛೂ ಬಿಟ್ಟ. ವರ್ಷದಿಂದ ಯಾರೂ ಏನೂ ಬರೆಯದ ದೂರುಗಳನ್ನೆಲ್ಲ ಅದು ತಾನಾಗಿಯೇ ಮುಚ್ಚಬೇಕು. ಅತ್ತಿಗೆ ಕ್ಲಿನಿಕ್ಕಿನಲ್ಲಿ ಯಾರದೋ ಬುದ್ಧಿಹಲ್ಲಿಗೆ ಸಮಯ ಗೊತ್ತುಮಾಡುತ್ತಿದ್ದಾಗ ಇಲ್ಲಿ ರಾಶಿ ಸ್ವಚ್ಛವಾಯಿತು. ಅಮ್ಮನ ದೂರೂ ಅದರ ಜೊತೆ ಹೋಯಿತು.

ಅತ್ತಿಗೆ ಜಗಳಕ್ಕೆ ನಿಂತಳು. ಯಾರೂ ಏನೂ ಬರೆದಿಲ್ಲ ಎಂದರೆ ಯಾರಿಗೂ ತೊಂದರೆಯಿಲ್ಲ ಎಂದೇ ಅರ್ಥ, ಇದ್ದವರು ಹೊಸದಾಗಿ ದೂರು ಕೊಡಲಿ ಎಂದು ದೊರೆ ಉತ್ತರ ಬರೆದ. ಮೌನಂ ಸಮ್ಮತಿ ಲಕ್ಷಣಂ!

ನನ್ನ ಮೈ ಉರಿದುಹೋದದ್ದು ಇಲ್ಲಿ. ದೂರಿನ ಪುಟದ ನೆತ್ತಿಯ ಮೇಲೆ ಇದೇ ದೊರೆ ಹಾಕಿಸಿದ ನಿಯಮವಿದೆ: ಬೇರೆಯವರ ದೂರಿನ ಕೆಳಗೆ ‘ನನಗೂ ಹೀಗೇ ಆಗುತ್ತಿದೆ’ ಎಂದು ಬರೆದು ಗದ್ದಲ ಮಾಡಬೇಡಿ, ತಾಳ್ಮೆಯಿಂದ ಕಾಯಿರಿ. ಜನ ಮರ್ಯಾದೆಯಿಂದ ಕಾದರು. ಸುಮ್ಮನಿರಿ ಎಂದವನೇ ಈಗ ಸುಮ್ಮನಿದ್ದಿರಲ್ಲ ಎಂದು ಬಾಗಿಲು ಹಾಕಿದ. ಬಾಯಿಗೆ ಬಟ್ಟೆ ತುರುಕಿ ಯಾಕೆ ಕೂಗಲಿಲ್ಲ ಎಂದು ಕೇಳುವ ನ್ಯಾಯ ಇದು. ಬಿಟ್ಟಿ ಕೆಲಸ ಮಾಡುವವರನ್ನು ಬೈಯಬಾರದು ಎನ್ನುತ್ತಾರೆ. ನಮ್ಮ ಅತ್ತಿಗೆ ಮಾಡಿದ್ದೇನು, ಸಂಬಳದ ಕೆಲಸವೇ?

ಹೊಸ ಆವೃತ್ತಿಯ ಘೋಷಣೆ ಬಂದ ದಿನ ಅಮ್ಮ ಅದನ್ನು ಕೇಳಲು ಕೂತಳು. ‘ಎಲ್ಲರಿಗೂ ಸಂತೋಷದ ಸುದ್ದಿ’ ಎಂದು ದನಿ ಶುರುಮಾಡಿತು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ದೊರೆ ಕೋಷ್ಟಕ ಹಾಕಿ ತೋರಿಸಿದ್ದ. ದನಿ ಅಲ್ಲಿಗೇ ನಿಂತಿತು.

“ಏನೋ ಹೇಳೋಕೆ ಹೊರಟು ನಿಂತುಬಿಡ್ತಲ್ಲೇ. ಏನಂತೆ?” ಅಮ್ಮ ಕೇಳಿದಳು.

ಅತ್ತಿಗೆ ಬಗ್ಗಿ ಉಳಿದದ್ದನ್ನು ಓದಿದಳು. “ಹಳೇ ದೂರು ಒಂದೂ ಬಾಕಿ ಇಲ್ವಂತೆ, ಅತ್ತೆ.”

“ಹಾಗಾದ್ರೆ ನಾನು ಯಾವ ಲೆಕ್ಕಕ್ಕೆ?”

ಅತ್ತಿಗೆ ಮತ್ತೆ ವಾದಕ್ಕೆ ಹೋಗಲಿಲ್ಲ. ಆ ಘೋಷಣೆಯನ್ನು ಇನ್ನೊಮ್ಮೆ ಓದಿಸಿ, ದನಿ ಉಡುಗಿಹೋಗುವುದನ್ನು ರೆಕಾರ್ಡ್ ಮಾಡಿ, ಅದರ ಕೆಳಗೇ ಅಂಟಿಸಿದಳು. ಮಾರನೆಯ ದಿನ ಅಲ್ಲಿ ಒಬ್ಬ ಪಿಯಾನೊ ಮೇಷ್ಟ್ರು ‘ನನಗೂ’ ಎಂದು ಬರೆದಿದ್ದರು. ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ‘ನನಗೂ’ ಎಂದಿದ್ದಳು. ಆಮೇಲೆ ಸಾಲುಸಾಲಾಗಿ ಬಂದವು. ದೊರೆ ಬಂದು ದಯವಿಟ್ಟು ನಿಯಮ ಪಾಲಿಸಿ ಎಂದು ನೆನಪಿಸಿದ. ಅತ್ತಿಗೆ ಅದರ ಕೆಳಗೆ ‘ಬರೆಯಿರಿ’ ಎಂದು ಬರೆದಳು. ಸಂಜೆಯೊಳಗೆ ಅವನು ಆ ಪುಟಕ್ಕೆ ಬೀಗ ಹಾಕಿದ. ದೂರುಗಳಿಗೆ ಗುರುತು ಹಾಕುವ ಅಧಿಕಾರವನ್ನೂ ಅತ್ತಿಗೆಯ ಕೈಯಿಂದ ಕಿತ್ತುಕೊಂಡ.

ಈ ಸಲದ ರಕ್ತದ ವರದಿ ಮೊನ್ನೆಯೇ ಬಂದಿದೆ. ಅಣ್ಣ ಓದಲು ಹೋದರೆ ಅಮ್ಮ ಪಾಸ್‌ವರ್ಡ್ ಬದಲಾಯಿಸಿ ಕೂತಿದ್ದಾಳೆ. ನನಗಾಗಲಿ ಅತ್ತಿಗೆಗಾಗಲಿ ಅದನ್ನು ಹೇಳುವುದಿಲ್ಲ.

“ನಾನೇ ಓದ್ಕೊಳ್ಳೋವರೆಗೂ ಇರ್ಲಿ ಅದು ಅಲ್ಲೇ,” ಎನ್ನುತ್ತಾಳೆ.

ಸಕ್ಕರೆ ಎಷ್ಟಿದೆಯೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.