ಎಡಗಿವಿಯಲ್ಲಿ ಹೇಳಿದ ಮಾತು

ನ್ಯೂಜಿಲೆಂಡಿನ ನೆಲದ ಮೇಲೆ ನಾನು ಆಡಿದ ಮೊದಲ ಮಾತು, "ಅದು ಸೆಗಣಿ." ಅದನ್ನೂ ಇಂಗ್ಲಿಷಿನಲ್ಲಿ, ಕೈಗೆ ನೀಲಿ ಗವಸು ಹಾಕಿಕೊಂಡು ನಿಂತಿದ್ದ ಅಧಿಕಾರಿಣಿಯೊಬ್ಬಳಿಗೆ ಹೇಳಬೇಕಾಯಿತು. ನಮ್ಮ ಅವ್ವನ ಬ್ಯಾಗಿನಿಂದ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ನಾಲ್ಕು ಕುಳ್ಳುಗಳನ್ನು ಆಕೆ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಬಾಣಂತಿಗೂ ಕೂಸಿಗೂ ಎರೆದ ಮೇಲೆ ಕುಳ್ಳಿನ ಕೆಂಡಕ್ಕೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ ಹೊಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಅವ್ವನ ಲೆಕ್ಕದಲ್ಲಿ ಕುಳ್ಳಿಲ್ಲದೆ ಬಾಣಂತನಕ್ಕೆ ಹೋಗುವುದೆಂದರೆ ಬರಿಗೈಯಲ್ಲಿ ಹೋದಂತೆ. ಅಧಿಕಾರಿಣಿ ಮತ್ತೊಮ್ಮೆ ಕೇಳಿದಳು, ಯಾವ ಪ್ರಾಣಿಯದು ಎಂದು. ನಮ್ಮ ಎಮ್ಮೆಯದು ಎಂದೆ. ಕುಳ್ಳು, ಮನೆಯ ತುಪ್ಪ, ಎಲ್ಲ ಕಸದ ಡಬ್ಬಿ ಸೇರಿದವು. ವಿಭೂತಿ ಗಟ್ಟಿಯನ್ನು ಮಾತ್ರ ಮೂಸಿ ನೋಡಿ ಬಿಟ್ಟುಕೊಟ್ಟಳು.

ಹೊರಗೆ ಕಾಯುತ್ತಿದ್ದ ಅಣ್ಣ ಮಹಾಂತೇಶ ವಿಷಯ ಕೇಳಿ ಮೊದಲು ಅತ್ತಿತ್ತ ನೋಡಿದ, ಯಾರಾದರೂ ಪರಿಚಯದವರು ಇದ್ದಾರೆಯೇ ಎಂದು. ಎರಡು ವರ್ಷದ ನಂತರ ಕಂಡ ತಾಯಿಯ ಮುಖವನ್ನು ಆಮೇಲೆ ನೋಡಿದ. ಅದನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಬರೆದಿಟ್ಟುಕೊಳ್ಳಲು ಮೊದಲೇ ಬೇಕಾದಷ್ಟು ಇತ್ತು. ನನಗಾಗ ಹದಿನಾರು. ಹತ್ತನೆಯ ಪರೀಕ್ಷೆ ಮುಗಿದಿತ್ತು. ಬೇಸಿಗೆ ರಜೆಯಲ್ಲಿ ಗೋಕಾಕದಲ್ಲಿ ಖೋಖೋ ಶಿಬಿರ, ಅದರಲ್ಲಿ ಆಡಿ ತೋರಿಸಿದವರಿಗೆ ಜಿಲ್ಲಾ ತಂಡ. ಮೂಡಲಗಿಯ ನಮ್ಮ ಶಾಲೆಯಿಂದ ಇಬ್ಬರನ್ನು ಆರಿಸಿದ್ದರು, ನನ್ನನ್ನು ಮತ್ತು ನಾಗನೂರಿನಿಂದ ಬರುತ್ತಿದ್ದ ಗೆಳತಿ ಶಾಹೀನಳನ್ನು. ಅಷ್ಟರಲ್ಲಿ ಅಣ್ಣನ ಫೋನು ಬಂತು. ಹುಕ್ಕೇರಿಯ ವೈನಿಗೆ, ಅಂದರೆ ಅಣ್ಣನ ಹೆಂಡತಿ ವಿದ್ಯಾಗೆ, ದಿನ ಹತ್ತಿರವಾಗಿದ್ದವು. ಚೊಚ್ಚಲ ಹೆರಿಗೆ ತವರಿನದು; ಆದರೆ ವೈನಿಯ ತಾಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಾಗಾಗಿ ಅವ್ವ ಬರಬೇಕು, ಅವ್ವನಿಗೆ ಇಂಗ್ಲಿಷು ಬಾರದ್ದರಿಂದ ಜೊತೆಗೆ ನಾನೂ ಬರಬೇಕು. ಟಿಕೆಟು ತೆಗೆದ ಮೇಲೆ ಹೇಳಿದ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಪ್ಪ ಎಮ್ಮೆಗಳ ಜೊತೆ ಉಳಿದರು, ನಾನು ಸೇಡಿನ ಜೊತೆ ವಿಮಾನ ಹತ್ತಿದೆ.

ನಾವು ಇಳಿದದ್ದು ಆ ದೇಶದ ದಕ್ಷಿಣ ತುದಿಯಲ್ಲಿ. ಮೂಡಲಗಿಯಲ್ಲಿ ಅಂಗಳದ ಕಲ್ಲಿಗೆ ಕಾಲಿಟ್ಟರೆ ಸುಡುವ ಏಪ್ರಿಲ್, ಅಲ್ಲಿ ಉಸಿರು ಬಿಟ್ಟರೆ ಹೊಗೆ. ಬೇಸಿಗೆ ರಜೆಗೆಂದು ಕರೆದು ನನ್ನನ್ನು ಚಳಿಗಾಲದ ಬಾಯಿಗೆ ತಳ್ಳಿದ್ದರು. ನಡುಮಧ್ಯಾಹ್ನದಲ್ಲೂ ಸೂರ್ಯ ಉತ್ತರದ ಬೇಲಿಯ ಕಡೆ ವಾಲಿಕೊಂಡೇ ಇರುತ್ತಿದ್ದ. ಎತ್ತ ನೋಡಿದರೂ ಹಸಿರು ಹುಲ್ಲು, ಹುಲ್ಲಿನ ಮೇಲೆ ಹಸು, ಮನುಷ್ಯರು ಮಾತ್ರ ಇಲ್ಲ. ಅಲ್ಲಿಯವರು ಹುಲ್ಲುಗಾವಲಿನ ಒಂದೊಂದು ತುಂಡಿಗೂ ಪ್ಯಾಡಕ್ ಎನ್ನುತ್ತಾರೆ. ಪಕ್ಕದ ಮನೆ ಕಾಣಬೇಕಾದರೆ ಅಂತಹ ಆರು ಪ್ಯಾಡಕ್ ದಾಟಬೇಕು. ನಮ್ಮ ಓಣಿಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಕೇಳುತ್ತಾರೆ, ಇವತ್ತೇನು ಪಲ್ಲೆ ಎಂದು.

ಅಣ್ಣನ ಕೆಲಸ ಆ ಹಸುಗಳ ಹಾಲು ಹಿಂಡುವುದು. ದೊಡ್ಡ ಚಕ್ರದಂತಹ ಕಟ್ಟೆ ತಿರುಗುತ್ತಿರುತ್ತದೆ, ಹಸುಗಳು ತಾವಾಗಿಯೇ ಬಂದು ಹತ್ತುತ್ತವೆ, ಅಣ್ಣ ಕೆಚ್ಚಲಿಗೆ ಯಂತ್ರ ತೊಡಿಸುತ್ತ ನಿಲ್ಲುತ್ತಾನೆ. ಊರಲ್ಲಿದ್ದಾಗ ಇವನೇ ಎಮ್ಮೆಯ ಕೆಳಗೆ ಕಸ ಬಳಿಯಲು ಹೇಳಿದರೆ ಮೂಗು ಮುಚ್ಚಿಕೊಂಡು ಕೌಜಲಗಿಯ ಸೋದರಮಾವನ ಮನೆಗೆ ಓಡುತ್ತಿದ್ದವನು. ಇಲ್ಲಿ ಮೊಣಕಾಲವರೆಗೆ ಗಮ್‌ಬೂಟು ಏರಿಸಿ ಬೇರೆಯವರ ಸೆಗಣಿಯಲ್ಲಿ ನಿಂತು, ಮಾಲೀಕ ಬಂದರೆ ನಗುತ್ತಾನೆ. ನಮ್ಮ ಎಮ್ಮೆಗಳಿಗೆ ಹೆಸರುಗಳಿವೆ. ಅಲ್ಲಿನ ಹಸುಗಳಿಗೆ ಕಿವಿಯಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು.

ಊರು ನೆನಪಾಗುತ್ತಿದ್ದದ್ದು ಗಡಿಯಾರದ ಪ್ರಕಾರ. ಅಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೆ ಗೋಕಾಕದಲ್ಲಿ ಬೆಳಗಿನ ಆರೂವರೆ, ಶಾಹೀನ್ ಮೈದಾನಕ್ಕೆ ಇಳಿಯುವ ಹೊತ್ತು. ಒಂದು ಗಂಟೆಗೆ ಸರಿಯಾಗಿ ನನ್ನ ಕಾಲುಗಳು ಚಡಪಡಿಸುತ್ತಿದ್ದವು. ಅಡುಗೆಮನೆಯ ಕಿಟಕಿಯ ಬಳಿ ನಿಂತು ಒಣ ರೊಟ್ಟಿಯ ಚೂರು ಬಾಯಲ್ಲಿಟ್ಟುಕೊಂಡು, ಅದು ಮೆತ್ತಗಾಗುವವರೆಗೆ ಅಳುತ್ತಿದ್ದೆ. ಅತ್ತು ಮುಗಿದ ಮೇಲೆ ಅಣ್ಣನ ಒಂದು ಗಮ್‌ಬೂಟನ್ನು ಎಲ್ಲಾದರೂ ಅಡಗಿಸಿಡುತ್ತಿದ್ದೆ. ಎರಡೂ ಅಡಗಿಸಿದರೆ ಹೊಸದು ತೊಡುತ್ತಾನೆ, ಒಂದೇ ಕಾಣದಿದ್ದರೆ ಹುಡುಕುತ್ತ ಸಾಯುತ್ತಾನೆ. ಅವನು ಇಂಗ್ಲಿಷಿನಲ್ಲಿ ಏನು ಕೇಳಿದರೂ ಮೂಡಲಗಿಯ ಮಾತಿನಲ್ಲೇ ಉತ್ತರ ಕೊಟ್ಟೆ. ಸಣ್ಣ ಗೆಲುವುಗಳೂ ಇದ್ದವು, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ. ಸ್ಮೋಕೋ ಎಂದರೆ ಬೀಡಿ ಸಿಗರೇಟಲ್ಲ, ಕೆಲಸದ ನಡುವಿನ ಚಹಾ ಎಂದು ಕಲಿತೆ. ಮಾಲೀಕನ ಹೆಂಡತಿಗೆ ನಮ್ಮ ಚಹಾ ಕುಡಿಸಿದೆ, ಆಕೆ ಮರುದಿನ ತಾನೇ ಕಪ್ಪು ಹಿಡಿದು ಬಂದಳು.

ವೈನಿಗೆ ಹೆಣ್ಣು ಕೂಸು ಹುಟ್ಟಿತು. ಅವ್ವನಿಗೆ ಕುಳ್ಳಿನ ಚಿಂತೆ ಮತ್ತೆ ಶುರುವಾಯಿತು. ಇಷ್ಟು ಹಸು ಇರುವ ದೇಶದಲ್ಲಿ ಕುಳ್ಳಿಲ್ಲ ಎನ್ನುವುದನ್ನು ನಂಬಲು ಆಕೆ ತಯಾರಿರಲಿಲ್ಲ. ಒಂದು ಬೆಳಿಗ್ಗೆ ಬಕೆಟ್ಟು ಹಿಡಿದು ಹೊರಟಳು. ನಾನು ಹೋಗಿ ನೋಡುವಷ್ಟರಲ್ಲಿ ಮಾಲೀಕನ ಹಾಲಿನ ಶೆಡ್ಡಿನ ಬಿಳಿ ಗೋಡೆಯ ತುಂಬ ಅವ್ವನ ಐದೂ ಬೆರಳು ಮೂಡಿದ ಕುಳ್ಳುಗಳು ಸಾಲಾಗಿ ಕೂತಿದ್ದವು. ಆ ಚಳಿಯಲ್ಲಿ ಅವು ಒಣಗುವ ಮಾತೇ ಇರಲಿಲ್ಲ, ಮೆಲ್ಲಗೆ ಕೆಳಗೆ ಜಾರುತ್ತಿದ್ದವು. ಅವ್ವ ಸೀರೆಯ ಮೇಲೆ ಅಣ್ಣನ ಜಾಕೆಟ್ಟು ಹಾಕಿ, ಬಂದ ದಿನದಿಂದ ಮೊದಲ ಸಲ ಸಮಾಧಾನದಿಂದ ನಿಂತಿದ್ದಳು.

ಅಣ್ಣನೂ ಮಾಲೀಕನೂ ಒಟ್ಟಿಗೇ ಬಂದರು. ಮಾಲೀಕ ಮುದುಕ, ಟೊಪ್ಪಿಗೆ ಹಿಂದಕ್ಕೆ ಸರಿಸಿ, ಇವೇನು ಎಂದಷ್ಟೇ ಕೇಳಿದ. ಅಣ್ಣನ ಕಿವಿ ಕೆಂಪಾಗಿತ್ತು. ಮಾಲೀಕನ ಎದುರಿಗೇ ನಮ್ಮ ಮಾತಿನಲ್ಲಿ ಅವ್ವನಿಗೆ ಹೇಳಿದ, "ನನ್ನ ಮಾನಾ ಕಳಿಯಾಕ ಬಂದಿಯೇನು ಇಲ್ಲಿತನಕಾ? ತಿಪ್ಪಿ ಬಿಟ್ಟು ಮ್ಯಾಲೆ ಬರಾಕ ಆಗೂದುಲ್ಲೇನು ನಿನಗ?"

ಅವ್ವ ಪೈಪು ಹಿಡಿದು ಗೋಡೆಯನ್ನು ತಾನೇ ತೊಳೆದಳು. ನಾನು ಪಕ್ಕದಲ್ಲಿ ನಿಂತು ಅವಳ ಕೈ ಚಳಿಗೆ ನೀಲಿಯಾಗುವುದನ್ನು ನೋಡಿದೆ. ಶಿಬಿರ ತಪ್ಪಿಸಿದ್ದಕ್ಕೆ ಬೂಟು ಅಡಗಿಸಿದರೆ ಸಾಕು ಎಂದುಕೊಂಡಿದ್ದೆ. ಇದಕ್ಕೆ ಅದು ಸಾಲದು ಎಂದು ಅಲ್ಲಿಯೇ ನಿಶ್ಚಯವಾಯಿತು.

ದಾರಿಯನ್ನು ಅವನೇ ತೋರಿಸಿದ. ಬರುವ ಭಾನುವಾರ ತೊಟ್ಟಿಲು ಎಂದ. ಕೂಸಿಗೆ ಏವಾ ಎಂದು ಹೆಸರು ಆರಿಸಿದ್ದ, ಅಲ್ಲಿಯೂ ನಡೆಯುತ್ತದೆ ಇಲ್ಲಿಯೂ ನಡೆಯುತ್ತದೆ ಎಂದು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ತಂದೆಯ ತಂಗಿಗೆ, ಅಂದರೆ ಸೋದರತ್ತೆಗೆ. ಆಕೆ ಬಗ್ಗಿ ಎರಡೂ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿ ಕೂಗಬೇಕು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಕಾಗದದಲ್ಲಿ ಏನೇ ಇರಲಿ, ಅತ್ತೆಯ ಬಾಯಿಂದ ಬಂದದ್ದೇ ಹೆಸರು. ಅಲ್ಲಿ ಇದ್ದ ಒಬ್ಬಳೇ ಸೋದರತ್ತೆ ನಾನು, ಹದಿನಾರು ವರ್ಷದವಳು, ಹೊಟ್ಟೆ ತುಂಬ ಸಿಟ್ಟಿನವಳು.

ನಾನು ಆರಿಸಿದ ಹೆಸರು ತಿಪ್ಪವ್ವ. ನಮ್ಮಲ್ಲಿ ಹಿಂದೆ ಹುಟ್ಟಿದ ಕೂಸು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರು ಇಡುತ್ತಿದ್ದರು. ತಿಪ್ಪೆ ಎಂದರೆ ನಾಚುವ ಅಣ್ಣ ಜೀವನವಿಡೀ ಮಗಳನ್ನು ಹಾಗೆ ಕೂಗಲಿ ಎಂದು ನನ್ನ ಆಸೆ. ಕೂಸಿನ ಗತಿ ಏನು ಎಂದು ಯೋಚಿಸಲಿಲ್ಲ. ನಾಲ್ಕು ದಿನ ಆ ಹೆಸರನ್ನು ಬಾಯಲ್ಲಿ ಕಡಲೆಯಂತೆ ನೆನೆಸಿಟ್ಟುಕೊಂಡು ಖುಷಿಯಾಗಿದ್ದೆ.

ಶನಿವಾರ ಮಧ್ಯಾಹ್ನ ವೈನಿ ಕೂಸಿನ ಬಟ್ಟೆ ಮಡಚುತ್ತ ನನ್ನನ್ನು ಕರೆದರು. ಅಲ್ಲಿಯವರೆಗೆ ಅವರನ್ನು ನಾನು ಅಣ್ಣನ ಪಕ್ಷದವರು ಎಂದೇ ತಿಳಿದಿದ್ದೆ. ಬಾಗಿಲ ಕಡೆ ಒಮ್ಮೆ ನೋಡಿ, ತಮ್ಮ ತಾಯಿ ಹೋದ ದಿನದ ಸುದ್ದಿ ತೆಗೆದರು. ಊರಿಗೆ ಹೋಗುತ್ತೇನೆ ಎಂದರೆ ಅಣ್ಣ, ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಹೋಗಿ ಏನು ಮಾಡುತ್ತಿ ಎಂದನಂತೆ. ಅದು ಸುಳ್ಳಲ್ಲ, ಅದಕ್ಕೇ ಅವರಿಗೆ ಹೆಚ್ಚು ಸಿಟ್ಟು.

"ಹುಕ್ಕೇರ್ಯಾಗ ಅವರು ಮಣ್ಣ ಕೊಡಾಕತ್ತಿದ್ರು, ನಾ ಫೋನಿನ್ಯಾಗ ನೋಡಾಕತ್ತಿದ್ದೆ," ಎಂದರು. "ಇಲ್ಲೆ ಹಿತ್ತಲಕ್ಕ ಹೋಗಿ ನಾನೂ ಒಂದ್ ಹಿಡಿ ಮಣ್ಣ ಚೆಲ್ಲಿದೆ. ಆಮ್ಯಾಲೆ ಕೈ ತೊಳಕೊಂಡು ನಿಮ್ಮಣ್ಣಗ ಚಾ ಮಾಡಿದೆ."

ಅವರ ತಾಯಿಯ ಹೆಸರು ನೀಲವ್ವ. ಆ ಹೆಸರು ಇಡೋಣ ಎಂದರೆ, ಇಲ್ಲಿನವರ ನಾಲಿಗೆಗೆ ಹೊರಳುವುದಿಲ್ಲ ಎಂದು ಅಣ್ಣ ತಳ್ಳಿಹಾಕಿದ್ದ.

"ನಾಳೆ ಕಿವ್ಯಾಗ ಹೇಳಾಕಿ ನೀನು. ನಿನ್ನ ಬಾಯಿ ಯಾರೂ ಹಿಡಿಯಾಕ ಬರೂದುಲ್ಲ," ಎಂದು ವೈನಿ ನನ್ನ ಕೈ ಹಿಡಿದರು. ಎರಡು ವರ್ಷದಿಂದ ಆ ಆರು ಪ್ಯಾಡಕ್ಕುಗಳ ನಡುವೆ ಒಬ್ಬರೇ ಇದ್ದವರ ಕೈ ಅದು. ನನ್ನ ಒಂದು ತಿಂಗಳ ಅಳು ಅದರ ಮುಂದೆ ಏನೂ ಅಲ್ಲ ಎಂದು ನನಗೆ ನಾಚಿಕೆಯಾಯಿತು. ನನ್ನ ಸೇಡಿಗಿಂತ ಅವರದು ದೊಡ್ಡದು, ಹಳೆಯದು. ತಿಪ್ಪವ್ವನನ್ನು ಅಲ್ಲಿಯೇ ಕೈಬಿಟ್ಟೆ.

ಭಾನುವಾರ ಗ್ಯಾರೇಜಿನ ತೊಲೆಗೆ ಅವ್ವ ತನ್ನ ಇಳಕಲ್ ಸೀರೆ ಕಟ್ಟಿ ತೊಟ್ಟಿಲು ಮಾಡಿದಳು. ಗುಗ್ಗರಿ ಕುದಿಸಿದಳು. ಮಾಲೀಕ, ಅವನ ಹೆಂಡತಿ, ಅಣ್ಣನ ಜೊತೆ ಕೆಲಸ ಮಾಡುವ ಇಬ್ಬರು ಬಂದಿದ್ದರು. ಮೇಜಿನ ಮೇಲೆ ಅಣ್ಣ ತರಿಸಿದ ಕೇಕು, ಅದರ ಮೇಲೆ ಗುಲಾಬಿ ಬಣ್ಣದಲ್ಲಿ ಏವಾ. ನಾನು ಬಗ್ಗಿದೆ. ಬಲಗಿವಿಯಲ್ಲಿ ಹೆಸರು ಹೇಳಿ ತಲೆ ಎತ್ತಿ, ಗ್ಯಾರೇಜು ತುಂಬುವಂತೆ ಕೂಗಿದೆ, ನೀಲವ್ವ ಎಂದು. ಅಣ್ಣನ ಮುಖ ಬಿಳಿಚಿತು. ಮಾಲೀಕನ ಎದುರು ಜಗಳ ಮಾಡುವಂತಿಲ್ಲ, ಅವನ ಮಾನದ ಹಗ್ಗದಲ್ಲೇ ಅವನನ್ನು ಕಟ್ಟಿಹಾಕಿದ್ದೆ. ಮಾಲೀಕನ ಹೆಂಡತಿ ಅಷ್ಟರಲ್ಲಿ ಎರಡು ಸಲ ಆ ಹೆಸರು ಹೇಳಿ ನೋಡಿ, ಚೆಂದ ಇದೆ ಎಂದಳು. ಆಕೆಯ ನಾಲಿಗೆಗೆ ಅದು ಏನೂ ತೊಂದರೆ ಕೊಡಲಿಲ್ಲ.

ಎಡಗಿವಿ ಬಾಕಿ ಇತ್ತು. ಮತ್ತೆ ಬಗ್ಗಿದೆ. ಅಲ್ಲಿ ಹೆಸರು ಹೇಳಲಿಲ್ಲ. ಕೂಸಿನ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಕೇಳದಂತೆ ಹೇಳಿದೆ, "ನಿನಗೂ ನನ್ನಂಗ ಮನಿ ನೆನಪಾಗಿ ಅಳು ಬರಲಿ. ನಿಮ್ಮಪ್ಪ ಕಣ್ಣಾರೆ ನೋಡಲಿ." ಅದು ನನ್ನ ಪಾಲಿನ ಸೇಡು. ಆ ಹೊತ್ತಿಗೆ ಬೆನ್ನ ಮೇಲೆ ಗುದ್ದು ಬಿದ್ದವು. ಮಾಲೀಕನ ಹೆಂಡತಿಯದು ಧೂಳು ಜಾಡಿಸಿದಂತೆ. ಅವ್ವನದು ಮಾಮೂಲಿ. ವೈನಿ ಗುದ್ದಿದ್ದು ಮಾತ್ರ ಉಸಿರು ಹಾರುವಂತಿತ್ತು, ಒಂದಲ್ಲ, ಏಳೆಂಟು. ತಿರುಗಿ ನೋಡಿದರೆ ಅಳುತ್ತಿದ್ದರು.

ಕಾಗದದಲ್ಲಿ ಕೊನೆಗೆ ನೀಲವ್ವ ಏವಾ ಎಂದು ಎರಡೂ ಕೂತವು. ನಾವು ಹೊರಡುವ ದಿನದವರೆಗೂ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ನಾನು ಗೆದ್ದವಳಂತೆ ಮೂಡಲಗಿಗೆ ಬಂದೆ. ಶಿಬಿರ ಮುಗಿದಿತ್ತು, ಶಾಹೀನ್ ಜಿಲ್ಲಾ ತಂಡದಲ್ಲಿದ್ದಳು, ನನ್ನ ಜಾಗದಲ್ಲಿ ಮೇಲವಂಕಿಯ ಒಬ್ಬಳು ಆಡುತ್ತಿದ್ದಳು. ನಾನು ಬಾಯಿ ತೆರೆದರೆ ಪ್ಯಾಡಕ್, ಸ್ಮೋಕೋ. ನಮ್ಮ ಓಣಿಯ ಗದ್ದಲಕ್ಕೆ ತಲೆ ಸಿಡಿಯುತ್ತಿತ್ತು. ಮಧ್ಯಾಹ್ನ ಒಂದಾದರೆ ಈಗ ತಿರುಗಿ ಲೆಕ್ಕ ಹಾಕುತ್ತಿದ್ದೆ, ಅಲ್ಲಿ ಏಳೂವರೆ, ನೀಲವ್ವ ಮಲಗುವ ಹೊತ್ತು ಎಂದು. ನನ್ನ ಶಾಪ ಮೊದಲು ನನಗೇ ಸುತ್ತಿಕೊಂಡಿತೇನೋ.

ಈ ಬೇಸಿಗೆಯಲ್ಲಿ ಅಣ್ಣನ ಮನೆಯವರು ಮೊದಲ ಸಲ ಊರಿಗೆ ಬಂದರು. ನೀಲವ್ವನಿಗೆ ನಾಲ್ಕು ವರ್ಷ. ಹುಕ್ಕೇರಿಗೆ ಹೋಗಿ ತಮ್ಮ ತಾಯಿಯ ಗದ್ದುಗೆಗೆ ವೈನಿ ಹೂವೇರಿಸಿ ಬಂದರು. ಮೊದಲ ಎರಡು ದಿನ ಹುಡುಗಿ ಎಮ್ಮೆಗಳ ಹಿಂದೆಯೇ ಇದ್ದಳು, ಅವುಗಳ ಕಿವಿಯಲ್ಲಿ ನಂಬರು ಯಾಕಿಲ್ಲ ಎಂದು ಕೇಳಿದಳು. ಮೂರನೆಯ ದಿನ ಮಧ್ಯಾಹ್ನ, ಮೈ ಸುಡುವ ಬಿಸಿಲಲ್ಲಿ, ತನ್ನ ಪುಟ್ಟ ಗಮ್‌ಬೂಟು ಹಾಕಿಕೊಂಡು ತಲಬಾಗಿಲಲ್ಲಿ ಕೂತಿದ್ದಳು. ಕೆನ್ನೆ ತುಂಬ ನೀರು. ಅಣ್ಣ ಐಸ್‌ಕ್ರೀಮು ತಂದ, ಬೇಡ ಎಂದಳು. ಅವ್ವ ಎತ್ತಿಕೊಳ್ಳಲು ಹೋದರೆ ಕೈ ಕೊಸರಿದಳು. ಅಣ್ಣ ತನ್ನ ಹುಟ್ಟಿದ ಮನೆಯ ಹೊಸ್ತಿಲಲ್ಲಿ, ಐಸ್‌ಕ್ರೀಮು ಹಿಡಿದುಕೊಂಡು, ಕಣ್ಣಾರೆ ನೋಡುತ್ತ ನಿಂತಿದ್ದ. ನಾನು ಕೇಳಿಕೊಂಡದ್ದು ಅಕ್ಷರಶಃ ನಡೆದಿತ್ತು.

ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ನನ್ನ ಸೆರಗು ಹಿಡಿದು, ಹುಕ್ಕೇರಿಯ ತಾಯಿ ಕಲಿಸಿದ ಅಚ್ಚ ನಮ್ಮ ಮಾತಿನಲ್ಲಿ ಹೇಳಿದಳು, "ಅತ್ತಿ, ಮನಿಗಿ ಹೋಗೂಣು."